ತೂಕಡಿಸುವ ದೀಪ

ಮುಕುಂದನ ಕಿವಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಮನೆಯಲ್ಲಿ ಅದರಷ್ಟು ಜಂಬದ ವಸ್ತು ಇನ್ನೊಂದಿರಲಿಲ್ಲ. ಕರೆಂಟಿನ ಕೆಲಸ ಮಾಡುವ ಎಂಜಿನಿಯರುಗಳು ಮೀಟರು ಹಿಡಿಯುತ್ತಾರೆ, ಪರದೆಯ ಮೇಲೆ ಕುಣಿಯುವ ಗೆರೆ ನೋಡುತ್ತಾರೆ. ಇವನೂ ನೋಡುತ್ತಿದ್ದ, ಇಲ್ಲವೆಂದಲ್ಲ. ಆದರೆ ಅದಕ್ಕೆ ಮೊದಲು ಕನ್ನಡಕ ಹಣೆಗೇರಿಸಿ, ಸರ್ಕ್ಯೂಟ್ ಬೋರ್ಡಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿಯಬೇಕು. ಆಮೇಲೆ ತಲೆಯೆತ್ತಿ "ಕಾಯಿಲ್ ಸಡಿಲ ಆಗಿದೆ, ಅಂಟು ಹಾಕಿ" ಅಂತಲೋ, "ಇದಕ್ಕೆ ಹೊಟ್ಟೆ ತುಂಬ್ತಿಲ್ಲ, ಒಳಗೆ ಬರೋ ವೋಲ್ಟೇಜೇ ಸಾಲದು" ಅಂತಲೋ ತೀರ್ಪು ಕೊಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯದರ ಸುದ್ದಿಯನ್ನು ಅವನು ಎತ್ತುತ್ತಿರಲಿಲ್ಲ.

ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಶುರುವಾದ ಈ ಕಿವಿಯ ಖ್ಯಾತಿ ನ್ಯೂಜೆರ್ಸಿಗೆ ಬಂದು, ಪಾರ್ಸಿಪನಿಯ ಒಂದು ಆಫೀಸ್ ಪಾರ್ಕಿನಲ್ಲಿ ಬೇರು ಬಿಟ್ಟಿತ್ತು. ಅಲ್ಲಿನ ಸಣ್ಣ ಕಂಪನಿಯೊಂದು ಆಸ್ಪತ್ರೆಯ ಯಂತ್ರಗಳಿಗೆ ಕನ್ವರ್ಟರುಗಳನ್ನು ತಯಾರಿಸುತ್ತಿತ್ತು. ಕನ್ವರ್ಟರ್ ಅಂದರೆ ಬೇರೇನಲ್ಲ, ಬಂದ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸಿ ಕೊಡುವ ಪುಟ್ಟ ಸರ್ಕ್ಯೂಟು. ಅರವತ್ತಾರು ತುಂಬಿದರೂ ಮುಕುಂದನಿಗೆ ಅಲ್ಲಿ ಯಾರೂ ರಿಟೈರ್ ಆಗು ಅನ್ನಲಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ಪಾಠ ಹೇಳುವುದು ಅವನದೇ ಕೆಲಸ, ಅದನ್ನು ಅವನು ಊಟದ ಡಬ್ಬಿ ಬಿಚ್ಚಿಯೇ ಹೇಳುವುದು. ಹುಬ್ಬಳ್ಳಿಯ ಹುಡುಗಿ ಗಗನಾ ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಟಿಶ್ಯೂ ಹಾಸಿ, ಅದರ ಮೇಲೆ ಒಂದು ಚಮಚ, ಒಂದು ಚಕ್ಕುಲಿ, ಒಂದು ಹಸಿಮೆಣಸಿನಕಾಯಿ ಇಟ್ಟಿದ್ದ.

"ಚಮಚ ಸ್ವಿಚ್ಚು. ಚಕ್ಕುಲಿ ಕಾಯಿಲ್, ಶಕ್ತಿ ತುಂಬ್ಕೊಂಡು ಆಮೇಲೆ ಬಿಡತ್ತೆ. ಮೆಣಸಿನಕಾಯಿ ಡಯೋಡು, ಹೋಗೋಕೆ ಮಾತ್ರ ದಾರಿ, ವಾಪಸ್ ಬಿಡಲ್ಲ. ಈಗ ನೋಡು. ಸ್ವಿಚ್ಚು ಬಾಗಿಲಲ್ಲಿ ನಿಂತು ಕಾಯಿಲ್ ಒಳಗಡೆ ಇದ್ರೆ ವೋಲ್ಟೇಜ್ ಇಳಿಯತ್ತೆ, ಬಕ್. ಕಾಯಿಲ್ ಬಾಗಿಲಿಗೆ ಬಂದು, ಸ್ವಿಚ್ಚು ಅದರ ಹಿಂದೆ ನೆಲಕ್ಕೆ ಇಳಿದ್ರೆ ಏರತ್ತೆ, ಬೂಸ್ಟ್. ಸ್ವಿಚ್ಚು ಬಾಗಿಲಲ್ಲೇ ಇದ್ದು ಕಾಯಿಲ್ ನೆಲಕ್ಕೆ ಇಳಿದ್ರೆ ಏರ್ಸೋದೂ ಆಗತ್ತೆ, ಇಳ್ಸೋದೂ ಆಗತ್ತೆ, ಪ್ಲಸ್ಸು ಮೈನಸ್ಸು ಮಾತ್ರ ತಿರುಗುಮುರುಗು. ಇದೇ ಮೂವರು ಕಣಮ್ಮ. ಹೊಸಬರು ಯಾರೂ ಬರಲ್ಲ. ನಿಂತ ಜಾಗ ಬದಲಾದ್ರೆ ಮಾಡೋ ಕೆಲಸ ಬದಲು."

"ಭಾಳ ಛಲೋ ಹೇಳಿದ್ರಿ ಸರ್," ಎಂದು ಗಗನಾ ಆ ಕಾಯಿಲನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಅವತ್ತೇ ಅವಳು ಮುಕುಂದನಿಗೆ ಹಿಡಿಸಿದ್ದಳು.

ಮನೆಯ ಕಡೆಯ ಏರ್ಪಾಡು ಮಾತ್ರ ಯಾವ ಎಂಜಿನಿಯರೂ ಒಪ್ಪುವಂಥದ್ದಲ್ಲ. ಮುಕುಂದ ಮತ್ತು ಅವನ ಹೆಂಡತಿ ಕಲಾ ಇರುವುದು ಬ್ರಿಡ್ಜ್‌ವಾಟರಿನಲ್ಲಿ, ದೇವಸ್ಥಾನದ ಹತ್ತಿರ. ಇಲ್ಲೇ ಹುಟ್ಟಿ ಬೆಳೆದ ಮಗಳು ಸಿರಿ ಇರುವುದು ಪಾರ್ಸಿಪನಿಯ ಅಪಾರ್ಟ್‌ಮೆಂಟಿನಲ್ಲಿ, ಅವಳ ಕೆಲಸ ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯಲ್ಲಿ. ಬೆಳಗ್ಗೆ ಅಪ್ಪ ಅಮ್ಮ 287ನೇ ಹೆದ್ದಾರಿಯಲ್ಲಿ ಉತ್ತರಕ್ಕೆ, ಮಗಳು ಅದೇ 287ರಲ್ಲಿ ದಕ್ಷಿಣಕ್ಕೆ. ಮನೆ ಅದಲುಬದಲು ಮಾಡಿಕೊಳ್ಳಬಾರದೇ ಎಂದು ಕೇಳಿ ಕೇಳಿ ಸ್ನೇಹಿತರಿಗೇ ಸುಸ್ತಾಗಿತ್ತು. ಅಳಿಯ ಕ್ರಿಷ್ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಕಮ್ಯೂಟ್ ಮಾಡುವವನು, ಮನೆ ಸೇರುವುದು ಎಲ್ಲರಿಗಿಂತ ಕೊನೆಗೆ. ಹೀಗಾಗಿ ಎಂಟು ತಿಂಗಳ ಮೊಮ್ಮಗಳು ಸಿಯಾಳನ್ನು ಹಗಲೆಲ್ಲ ನೋಡಿಕೊಳ್ಳುವವಳು ಅಜ್ಜಿ ಕಲಾ. ಆಫೀಸು ಮುಗಿಸಿ ಸಂಜೆಗೆ ಬಂದು ಜೊತೆಯಾಗುವವನು ತಾತ.

ಆ ಚಳಿಗಾಲದಲ್ಲಿ ತಾತನಿಗೆ ಇದ್ದದ್ದು ಒಂದೇ ಆಸೆ. ಜನವರಿಯಲ್ಲಿ ಕಲಾಗೆ ಮಂಡಿ ಆಪರೇಷನ್ ಎಂದು ಗೊತ್ತಾಗಿತ್ತು, ಆಮೇಲೆ ಆರು ವಾರ ಅವಳು ಮಗುವನ್ನು ಎತ್ತುವ ಹಾಗಿಲ್ಲ. ಆ ಆರು ವಾರ ಸಿಯಾ ತನ್ನ ಪಾಲಿಗೆ ಬರಬೇಕು. ಕಲಾ ಮಗಳ ಮನೆಯ ಸೋಫಾದ ಮೇಲೆ ಕಾಲು ಚಾಚಿ ಅಪ್ಪಣೆ ಕೊಡಲಿ, ತಾನು ಓಡಾಡುತ್ತೇನೆ ಎಂದು ಲೆಕ್ಕ ಹಾಕಿದ್ದ. ಇದ್ದಬದ್ದ ರಜೆಯನ್ನೆಲ್ಲ ಅದಕ್ಕೇ ಕೂಡಿಹಾಕಿದ್ದ. ಡಯಾಪರ್ ಬದಲಾಯಿಸುವುದು ಕಲಿತಿದ್ದ, ರಾಗಿ ಸರಿ ಗಂಟಾಗದಂತೆ ಕಾಯಿಸುವುದನ್ನೂ ಕಲಿತಿದ್ದ. ಅಡ್ಡಿಯೆಂದರೆ, ಸಂಜೆಯಾಯಿತೆಂದರೆ ಸಿಯಾ ಅವನ ಕೈಯಲ್ಲಿ ಅಳುತ್ತಿದ್ದಳು. ಸಣ್ಣ ಪುಟ್ಟ ಅಳುವಲ್ಲ, ಬೆನ್ನು ಬಿಲ್ಲು ಮಾಡಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುವ ಅಳು.

ಈಗ ದೀಪದ ವಿಷಯಕ್ಕೆ ಬರೋಣ. ಅಪಾರ್ಟ್‌ಮೆಂಟಿನ ಲೀಸಿನ ಪ್ರಕಾರ ಎಣ್ಣೆ ದೀಪ, ಮೇಣದಬತ್ತಿ ಯಾವುದನ್ನೂ ಹಚ್ಚಕೂಡದು. ಮಗುವಿರುವ ಮನೆಯಲ್ಲಿ ಮುಸ್ಸಂಜೆಗೆ ದೀಪವಿಲ್ಲವೆಂದರೆ ಕಲಾಗೆ ಅನ್ನ ಇಳಿಯದು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ದೀಪವೂ ಅವಳಿಗೆ ಆಗದು. "ಆಟದ ಸಾಮಾನು ಅದು" ಅಂದಳು. ಸರಿ, ಮುಕುಂದ ಹಳೆಯ ಹಿತ್ತಾಳೆ ದೀಪವೊಂದರ ಹೊಟ್ಟೆಯಲ್ಲಿ ತಾನೇ ಒಂದು ಬೂಸ್ಟ್ ಕನ್ವರ್ಟರ್ ಕೂರಿಸಿದ. ಒಂದೇ ಒಂದು ಪೆನ್ಸಿಲ್ ಸೆಲ್ಲು. ಅದರಿಂದ ಬರುವ ವೋಲ್ಟೇಜು ಎಲ್‌ಇಡಿಗೆ ಸಾಲದು, ಅದಕ್ಕೇ ಏರಿಸುವ ಸರ್ಕ್ಯೂಟು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಮುಕುಂದನಲ್ಲ. ಒಂದು ಸೆಲ್ಲಿನಲ್ಲಿ ಇಡೀ ತಿಂಗಳು ದೀಪ ಉರಿಯಬೇಕೆಂದು ಹಟ ಹಿಡಿದು, ಸರ್ಕ್ಯೂಟಿಗೆ ತೂಕಡಿಸುವುದನ್ನು ಕಲಿಸಿದ. ಒಂದಿಷ್ಟು ಕೆಲಸ ಮಾಡು, ಮಲಗು, ಮತ್ತೆ ಏಳು, ಮತ್ತೆ ಮಲಗು. ಇದೆಲ್ಲ ಕಣ್ಣಿಗೆ ಕಾಣದಷ್ಟು ಬೇಗ, ಸೆಕೆಂಡಿಗೆ ಸಾವಿರಾರು ಸಲ. "ಸರ್ಕಾರಿ ಗುಮಾಸ್ತನ ಥರ ಕಣೇ, ತೂಕಡಿಸ್ಕೊಂಡೇ ಕೆಲಸ ಮುಗಿಸತ್ತೆ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ. ಕಲಾ ದೀಪವನ್ನು ಅತ್ತ ಇತ್ತ ತಿರುಗಿಸಿ ನೋಡಿ "ಪರವಾಗಿಲ್ಲ ರೀ, ಜೀವ ಇದೆ" ಅಂದಳು. ಅವಳ ಬಾಯಿಂದ ಅಷ್ಟು ದೊಡ್ಡ ಹೊಗಳಿಕೆ ಮದುವೆಯಾದಾಗಿನಿಂದ ಬಂದಿರಲಿಲ್ಲ.

ದಿನಾ ಸಂಜೆ ಮುಕುಂದ ಕೈಕಾಲು ತೊಳೆದು, ಸಿಯಾಳನ್ನು ಎತ್ತಿಕೊಂಡು, ಹಾಲಿನ ಮೂಲೆಯ ದೇವರ ಕಪಾಟಿನ ಮುಂದೆ ನಿಂತು ಗುಂಡಿ ಒತ್ತುತ್ತಿದ್ದ. "ನೋಡು ಪುಟ್ಟಿ, ತಾತ ಮಾಡಿದ ದೀಪ!" ಅಷ್ಟೇ, ಮಗು ಮುಖ ಕಿವುಚಿ ಶುರುಮಾಡುತ್ತಿತ್ತು. ಅಡುಗೆಮನೆಯಿಂದ ಕಲಾ ಕುಂಟುತ್ತ ಬಂದು ಎತ್ತಿಕೊಂಡು ಒಳಗೆ ಹೋದರೆ ಸ್ವಲ್ಪ ಹೊತ್ತಿಗೆ ತಣ್ಣಗಾಗುತ್ತಿತ್ತು. ಸಿರಿ ಮನೆಗೆ ಬರುವಷ್ಟರಲ್ಲಿ ದೀಪ ಶಾಂತ ಮಾಡಿ ಆಗಿರುತ್ತಿತ್ತು. ಶನಿವಾರ ಭಾನುವಾರ ಇವರು ಬ್ರಿಡ್ಜ್‌ವಾಟರಿನಲ್ಲೇ ಉಳಿಯುತ್ತಿದ್ದರು, ಸಿರಿಗೆ ದೀಪದ ನೆನಪೂ ಇರುತ್ತಿರಲಿಲ್ಲ. ಆದ್ದರಿಂದ ಎಲ್ಲರ ಕಣ್ಣಿಗೂ ಕಂಡದ್ದು ಒಂದೇ, ಅಜ್ಜಿ ಎತ್ತಿಕೊಂಡರೆ ನಗು, ಸಂಜೆ ತಾತ ಎತ್ತಿಕೊಂಡರೆ ಅಳು.

"ದೃಷ್ಟಿ ರೀ. ನಿಮ್ಮದೇ ದೃಷ್ಟಿ. ಮಗುನ ಹಾಗೆ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡ್ತಾ ಕೂತ್ರೆ ಇನ್ನೇನಾಗತ್ತೆ?" ಎಂದು ಕಲಾ ಒಂದು ದಿನ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಹಾಕಿದಳು. ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿ ಮೆಣಸಿನಕಾಯಿ ಸುಟ್ಟರೆ ಏನಾಗಬೇಕೋ ಅದೇ ಆಯಿತು. ಸ್ಮೋಕ್ ಅಲಾರಂ ಕಟ್ಟಡ ಕಿತ್ತುಹೋಗುವಂತೆ ಕೂಗಿತು. ಮುಕುಂದ ಕುರ್ಚಿ ಹತ್ತಿ ಟವಲು ಬೀಸಿದ, ಪಕ್ಕದ ಮನೆಯವರು ಬಾಗಿಲು ತಟ್ಟಿದರು, ಕಲಾ ಕೆಮ್ಮುತ್ತಲೇ ಅವರಿಗೆ ಸಾರಿ ಹೇಳಿದಳು. ಸಿಯಾ ಮಾತ್ರ ಬೆರಗಾಗಿ ಬಾಯಿ ತೆರೆದುಕೊಂಡು ಕೂತಿದ್ದಳು. ಮಾರನೇ ಸಂಜೆ ಮತ್ತೆ ಅದೇ ಅಳು.

ಬಿಸಿನೀರು, ಗ್ರೈಪ್ ವಾಟರ್, ಹೊಟ್ಟೆಗೆ ಇಂಗು, ಎಲ್ಲವೂ ಆಯಿತು. ದೀಪ ಆರಿಸಿ ನೋಡೋಣ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮುಸ್ಸಂಜೆಗೆ ಹಚ್ಚಿದ ದೀಪವನ್ನು ಅರ್ಧ ಗಂಟೆಯಾದರೂ ಮುಟ್ಟಕೂಡದು ಎಂಬುದು ಕಲಾಳ ಕಾನೂನು. ಬತ್ತಿಯ ದೀಪಕ್ಕಿದ್ದ ಕಾನೂನು ಬ್ಯಾಟರಿ ದೀಪಕ್ಕೂ ಬಂದಿತ್ತು, ಮುಕುಂದನೂ ಅದನ್ನು ಪ್ರಶ್ನಿಸಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಕಳೆದ ಮೇಲೆ ಒಂದು ಸೋಮವಾರ ಸಿರಿ ಕೋಟು ಬಿಚ್ಚುವ ಮೊದಲೇ ಅಪ್ಪನನ್ನು ಪಕ್ಕಕ್ಕೆ ಕರೆದಳು.

"ಅಪ್ಪ, ಪ್ಲೀಸ್ ಡೋಂಟ್ ಫೀಲ್ ಬ್ಯಾಡ್. ಒಂದು ಡೇಕೇರ್‌ಲಿ ಸಿಯಾ ಹೆಸರು ಕೊಟ್ಟಿದೀನಿ. ಅಮ್ಮನ ಸರ್ಜರಿ ಟೈಮ್‌ಗೆ ಮಾತ್ರ."

"ನಾನು ರಜಾ ಹಾಕಿದೀನಲ್ಲ ಸಿರಿ."

"ಐ ನೋ. ಬಟ್ ಶಿ ಈಸ್ ಸ್ಕೇರ್ಡ್ ಆಫ್ ಯೂ, ಅಪ್ಪ. ಅದು ನಿಮ್ಮ ತಪ್ಪಲ್ಲ. ಸಮ್ ಬೇಬೀಸ್ ಆರ್ ಲೈಕ್ ದ್ಯಾಟ್. ಇಡೀ ದಿನ ಅವಳು ಹಾಗೆ ಅಳ್ತಿದ್ರೆ ನಾನು ಆಫೀಸಲ್ಲಿ ಕೂತು ಏನ್ ಮಾಡ್ಲಿ? ಶುಕ್ರವಾರ ಸಂಜೆ ಒಳಗೆ ಕನ್ಫರ್ಮ್ ಮಾಡ್ಬೇಕು."

ಮುಕುಂದ "ಸರಿ ಬಿಡಮ್ಮ" ಅಂದ. ವಾಪಸು ಬರುವಾಗ 287ರ ಉದ್ದಕ್ಕೂ ರೇಡಿಯೋ ಹಾಕಲಿಲ್ಲ. ತನ್ನನ್ನು ಕಂಡರೆ ಆ ಮಗುವಿಗೆ ಹೆದರಿಕೆ ಎಂಬ ಮಾತನ್ನೇ ಮೆಲುಕು ಹಾಕುತ್ತ ಕಾರು ಓಡಿಸಿದ. ಮಂಗಳವಾರ ಬೆಳಗ್ಗೆ ಎದ್ದವನೇ, ಕಾಲೇಜಿನ ದಿನದಿಂದ ಸಾಕಿಕೊಂಡು ಬಂದಿದ್ದ ಮೀಸೆ ಬೋಳಿಸಿದ. ಕಲಾ ಕಾಫಿ ಲೋಟ ಹಿಡಿದುಕೊಂಡೇ ನಕ್ಕೂ ನಕ್ಕೂ ಕಣ್ಣೀರು ಹಾಕಿದಳು. ಸಂಜೆ ಸಿಯಾ ಬೋಳು ಮುಖವನ್ನು ಕುತೂಹಲದಿಂದ ಸವರಿದಳು, ದೀಪ ಹಚ್ಚುವ ಹೊತ್ತಿಗೆ ಎಂದಿನಂತೆ ಅತ್ತಳು. ಮೀಸೆ ಹೋದದ್ದೇ ಲಾಭ.

ಬುಧವಾರ ಲ್ಯಾಬಿನಲ್ಲಿ ಹೊಸ ಬೋರ್ಡಿನ ಪರೀಕ್ಷೆ ಇತ್ತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಹೋಗಬೇಕಾದ ಬೋರ್ಡು, ಮುಕುಂದನದೇ ವಿನ್ಯಾಸ. ಕೆಲಸ ಕಡಿಮೆ ಇದ್ದಾಗ ವಿದ್ಯುತ್ತು ಉಳಿಸಲು ಅದೂ ತೂಕಡಿಸುತ್ತಿತ್ತು. ಗಗನಾ ಮೇಜಿನ ಹತ್ತಿರ ಬಂದವಳು ಮುಖ ಹಿಂಡಿದಳು.

"ಸರ್, ಈ ಬೋರ್ಡ್ ಶಿಳ್ಳಿ ಹೊಡ್ಯಾಕತ್ತೈತ್ರಿ."

"ಎಲ್ಲಿ?" ಮುಕುಂದ ಕನ್ನಡಕ ಹಣೆಗೇರಿಸಿದ. ಬಗ್ಗಿದ. ಕಣ್ಣು ಮುಚ್ಚಿದ. "ಏನೂ ಇಲ್ವಲ್ಲಮ್ಮ. ಮೇಲಿನ ಹೀಟರ್ ಗಾಳಿ ಸದ್ದು ಅದು."

"ಇಲ್ರಿ ಸರ್, ಖರೇನ ಕೇಳಸ್ತೈತಿ. ಕಿವ್ಯಾಗ ಸೂಜಿ ಚುಚ್ಚಿದಂಗ ಆಗತೈತಿ ನೋಡ್ರಿ."

"ಈ ಕಿವಿ ಸುಳ್ಳು ಹೇಳಲ್ಲ ಗಗನಾ. ನೀನು ಹುಟ್ಟೋಕೆ ಮುಂಚಿಂದ ಇದೇ ಕೆಲಸ ಮಾಡ್ತಿದೆ."

ಗಗನಾ ಫೋನು ತೆಗೆದು, ಸದ್ದನ್ನು ಗೆರೆಯಾಗಿ ತೋರಿಸುವ ಆ್ಯಪ್ ತೆರೆದು, ಬೋರ್ಡಿನ ಪಕ್ಕ ಇಟ್ಟಳು. ಎಡಗಡೆ ಗಾಳಿಯ ಸದ್ದು, ಮಾತಿನ ಸದ್ದು ಗುಡ್ಡೆಗುಡ್ಡೆಯಾಗಿ ಏಳುತ್ತ ಬೀಳುತ್ತ ಇತ್ತು. ಬಲತುದಿಯಲ್ಲಿ, ಸೆಕೆಂಡಿಗೆ ಹದಿನಾಲ್ಕು ಸಾವಿರ ಕಂಪನದ ಹತ್ತಿರ, ಒಂದೇ ಒಂದು ಗೆರೆ ಕಂಬದ ಹಾಗೆ ನಿಂತಿತ್ತು. ಅವಳು ಬೋರ್ಡನ್ನು ಆಫ್ ಮಾಡಿದಳು, ಕಂಬ ಬಿತ್ತು. ಆನ್ ಮಾಡಿದಳು, ಎದ್ದಿತು. ಮುಕುಂದ ಆ ಕಂಬವನ್ನು ನೋಡಿದ. ಅವನ ಕಿವಿಗೆ ಎದ್ದಾಗಲೂ ಏನೂ ಇಲ್ಲ, ಬಿದ್ದಾಗಲೂ ಏನೂ ಇಲ್ಲ.

"ಫೋನಿನ ಮೈಕು ಅಗ್ಗದ್ದು. ಅದನ್ನ ನಂಬಬೇಡ," ಅಂದುಬಿಟ್ಟ.

"ಆತ್ರಿ ಸರ್," ಎಂದಳು ಗಗನಾ. ಹೊರಟವಳು ಬಾಗಿಲ ಹತ್ತಿರ ನಿಂತಳು. "ಆದ್ರ ಇದು ಕೂಸಿನ ಪೆಟ್ಟಿಗಿಗೆ ಹೋಗೋದ್ರಿ. ಕೂಸುಗಳಿಗೆ ನಮಕಿಂತ ಹೆಚ್ಚು ಕೇಳಸ್ತೈತಂತ. ಹೇಳಾಕ ಬರಂಗಿಲ್ಲ ಅವಕ್ಕ. ಅಳತಾವ ಅಷ್ಟ."

ಅವಳು ಹೋಗಿ ಎಷ್ಟೋ ಹೊತ್ತಾದರೂ ಮುಕುಂದ ಆ ಸ್ಟೂಲಿನ ಮೇಲಿಂದ ಏಳಲಿಲ್ಲ. ಮೊದಲು ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ಹೇಳುವುದೇ ಅಂತ. ಆಮೇಲೆ ಹಿತ್ತಾಳೆ ದೀಪದ ನೆನಪಾಯಿತು. ಅದರ ಸರ್ಕ್ಯೂಟೂ ಹೀಗೇ ತೂಕಡಿಸುವುದು, ಎದ್ದು ಮಲಗುವಾಗೆಲ್ಲ ಅದರ ಕಾಯಿಲೂ ಅದುರುವುದೇ.

ಸಂಜೆ ಅವನು ಸಿಯಾಳನ್ನು ಎತ್ತಿಕೊಂಡು ಕಪಾಟಿನ ಮುಂದೆ ನಿಂತ. ಈ ಸಲ "ನೋಡು ಪುಟ್ಟಿ" ಅನ್ನಲಿಲ್ಲ. ಗುಂಡಿ ಒತ್ತಿ ಅವಳ ಮುಖವನ್ನೇ ನೋಡಿದ. ಹುಬ್ಬು ಗಂಟಾಯಿತು, ತಲೆ ಪಕ್ಕಕ್ಕೆ ಹೊರಳಿತು, ಅಳು ಹೊರಟಿತು. ದೀಪ ಆರಿಸಿದ. ಮಗು ಬಿಕ್ಕಿತು, ಮೂಗೆಳೆಯಿತು, ಸುತ್ತ ನೋಡಿತು, ಸುಮ್ಮನಾಯಿತು. ಮತ್ತೆ ಹಚ್ಚಿದ. ಅಳು. ಆರಿಸಿದ. ಮೌನ. ಎಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತದೆ, ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಸಲ ಒತ್ತಿದ. ಆ ಕೊನೆಯ ಸಲ ಒತ್ತಬೇಕಾಗಿರಲಿಲ್ಲ. ಅದಕ್ಕಾಗಿ ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡ.

"ರೀ! ಮುಸ್ಸಂಜೆ ಹೊತ್ತಲ್ಲಿ ದೀಪ ಆರಿಸ್ತಿದೀರಾ? ಬುದ್ಧಿ ಎಲ್ಲಿಟ್ಟಿದೀರಿ?" ಕಲಾ ಸೌಟು ಹಿಡಿದುಕೊಂಡೇ ಬಂದಳು.

"ಕಲಾ, ಇಲ್ಲಿ ಬಾ. ಈ ದೀಪದ ಹತ್ತಿರ ಕಿವಿ ಇಡು. ನಿಂಗೇನಾದ್ರೂ ಕೇಳತ್ತಾ?"

ಅವಳು ಬಗ್ಗಿ ಕೇಳಿದಳು. "ಏನೂ ಇಲ್ವಲ್ಲ."

"ನಂಗೂ ಇಲ್ಲ. ಇವಳಿಗೆ ಕೇಳತ್ತೆ." ಮುಕುಂದ ಸೋಫಾದ ಮೇಲೆ ಕುಸಿದ. ಸಿಯಾ ಅವನ ಎದೆಗೆ ತಲೆ ಒರಗಿಸಿ ಅಂಗಿಯ ಗುಂಡಿ ಚೀಪುತ್ತಿದ್ದಳು. "ಇವಳು ನನ್ನ ಕಂಡು ಅಳ್ತಿರ್ಲಿಲ್ಲ ಕಣೇ. ನಾನು ಮಾಡಿದ್ದಕ್ಕೆ ಅಳ್ತಿದ್ಲು. ದಿನಾ ಎತ್ಕೊಂಡು ಹೋಗಿ ಆ ಸದ್ದಿನ ಬಾಯಿಗೇ ಹಿಡೀತಿದ್ದೆ ನಾನು."

ಅವನಿಗೆ ಸಂತೋಷವೂ ಆಗಿತ್ತು, ಅಳುವೂ ಬಂದಿತ್ತು. ಕಲಾ ಅವನ ಪಕ್ಕ ಕೂತು, "ಸುಮ್ನೆ ಮೆಣಸಿನಕಾಯಿ ಸುಟ್ಟೆ" ಅಂದಳು. ಆಮೇಲೆ ದನಿ ತಗ್ಗಿಸಿದಳು. "ನೋಡಿ, ನೀವು ದೀಪ ಸರಿ ಮಾಡ್ಬಿಡಿ. ಅಳು ನಿಲ್ಲತ್ತೆ. ಸಿರಿಗೆ ಏನೂ ಹೇಳೋಕೆ ಹೋಗ್ಬೇಡಿ. ಮಗು ಹೊಂದ್ಕೊಂಡಿತು ಅಂದ್ಕೊಳ್ತಾಳೆ. ಅಪ್ಪನ ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಮಗುನ ನಿಮ್ಮ ಕೈಗೆ ಬಿಡ್ತಾಳಾ?"

ಅದೂ ನಿಜವೇ. ಅವತ್ತು ಸಿರಿ ಮನೆಗೆ ಬಂದಾಗ ಮಗು ತಾತನ ಎದೆಯ ಮೇಲೆ ನಿದ್ದೆ ಹೋಗಿತ್ತು, ಅವಳು ಅದನ್ನು ನೋಡಿ ಹುಬ್ಬೇರಿಸಿದಳು. ಆಗಲೇ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ.

ಮಾರನೇ ದಿನ ಅವನು ಹಿತ್ತಾಳೆ ದೀಪವನ್ನು ಊಟದ ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋದ. ಗಗನಾಳ ಮೇಜಿನ ಮೇಲೆ ಇಟ್ಟು, "ನಿನ್ನ ಕಿವಿ ಸ್ವಲ್ಪ ಬೇಕಿತ್ತಮ್ಮ" ಎಂದು ಗುಂಡಿ ಒತ್ತಿದ.

"ಯಪ್ಪಾ! ಆರಸ್ರಿ ಸರ್, ಆರಸ್ರಿ!" ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಇದೆಲ್ಲಿತ್ರಿ?"

"ನನ್ನ ಮೊಮ್ಮಗಳ ಮುಂದೆ." ಅವನು ದೀಪ ಆರಿಸಿದ. "ನಿನ್ನೆ ನೀನು ಹೇಳಿದ್ದೇ ಸರಿ ಗಗನಾ. ಕೆಟ್ಟಿರೋದು ಫೋನಿನ ಮೈಕಲ್ಲ. ನನ್ನ ಕಿವಿ. ನಿನ್ನ ಮೇಲೆ ಸುಮ್ಸುಮ್ನೆ ರೇಗಿದೆ, ತಪ್ಪಾಯ್ತು."

ಗಗನಾ ಅವನ ಮೀಸೆಯಿಲ್ಲದ ಮುಖವನ್ನು ನೋಡಿ, ಕಣ್ಣು ಕೆಳಗೆ ಹಾಕಿ, "ಇರ್ಲಿ ಬಿಡ್ರಿ ಸರ್. ನಮ್ಮ ಅಜ್ಜಾರಿಗೆ ಕುಕ್ಕರ್ ಸೀಟಿನೂ ಕೇಳಸ್ತಿರ್ಲಿಲ್ಲ" ಅಂದಳು. ಇಬ್ಬರಿಗೂ ನಗು ಬಂತು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರಿಬ್ಬರೂ ಹೊಸದೊಂದು ಬೋರ್ಡು ಜೋಡಿಸಿದರು. ಮತ್ತೆ ಅದೇ ಸ್ವಿಚ್ಚು, ಕಾಯಿಲ್, ಡಯೋಡು. ಒಂದು ಸೆಲ್ಲಿನ ಜಾಗದಲ್ಲಿ ಮೂರು ಸೆಲ್ಲು, ಆದ್ದರಿಂದ ಏರಿಸುವ ಮಾತಿಲ್ಲ, ಇಳಿಸಿದರೆ ಸಾಕು. ಬಾಗಿಲಲ್ಲಿದ್ದ ಕಾಯಿಲ್ ಒಳಕ್ಕೆ ಹೋಯಿತು, ನೆಲಕ್ಕಿಳಿದಿದ್ದ ಸ್ವಿಚ್ಚು ಬಾಗಿಲಿಗೆ ಬಂತು. ತೂಕಡಿಸುವುದು ಬಂದ್. ಯಾರ ಕಿವಿಗೂ ನಿಲುಕದಷ್ಟು ವೇಗದಲ್ಲಿ ಒಂದೇ ಸಮನೆ ದುಡಿಯಬೇಕು, ಸೆಲ್ಲು ಎರಡು ವಾರಕ್ಕೇ ಮುಗಿದರೂ ಚಿಂತೆಯಿಲ್ಲ. ಕಾಯಿಲ್ ಅಲುಗದಂತೆ ಅಂಟು ಸುರಿದರು. ಬೆಸುಗೆ ಹಾಕುವುದು ಮುಕುಂದ, ಬಗ್ಗಿ ಕಣ್ಣು ಮುಚ್ಚಿ ಕಿವಿ ಕೊಡುವುದು ಗಗನಾ. ಪ್ರತಿ ಸಲವೂ ಅವನು ಉಸಿರು ಬಿಗಿಹಿಡಿದು ಅವಳ ಮುಖ ನೋಡುತ್ತಿದ್ದ. ಇಷ್ಟು ವರ್ಷ ತನ್ನ ಸುತ್ತ ನಿಂತವರಿಗೆ ಹೇಗಾಗುತ್ತಿತ್ತೆಂದು ಅವನಿಗೆ ಅವತ್ತು ಗೊತ್ತಾಯಿತು.

"ಈಗ ಏನೂ ಇಲ್ರಿ ಸರ್. ಸುಮ್ಮ ಐತಿ."

"ಖಾತ್ರಿನಾ?"

"ಖಾತ್ರಿ ರೀ."

ಅವನು ಒಪ್ಪಿಕೊಳ್ಳಬೇಕಾಯಿತು. ಬೇರೆ ದಾರಿ ಇರಲಿಲ್ಲ. ಕೂಸಿನ ಪೆಟ್ಟಿಗೆಯ ಬೋರ್ಡನ್ನೂ ಹೀಗೇ ತಿದ್ದಬೇಕೆಂದು ಮೇಲಿನವರಿಗೆ ಅವನೇ ಹೇಳಿದ, ಕಂಡುಹಿಡಿದವಳು ಗಗನಾ ಎಂದೂ ಹೇಳಿದ. ಹೊಸ ಬೋರ್ಡನ್ನು ಹಿತ್ತಾಳೆ ದೀಪದೊಳಗೆ ಕೂರಿಸಿ, ಸೆಲ್ಲುಗಳನ್ನು ಪೀಠದ ಕೆಳಗೆ ಅಡಗಿಸಿ, ಹಳೆಯದನ್ನು ಜೇಬಿಗೆ ಹಾಕಿಕೊಂಡ. ಅಂಟು ಒಣಗಲೆಂದು ದೀಪವನ್ನು ಆ ರಾತ್ರಿ ಲ್ಯಾಬಿನಲ್ಲೇ ಬಿಟ್ಟ.

ಶುಕ್ರವಾರ ಸಂಜೆ ಸಿರಿ ಬೇಗ ಬಂದಳು. ಡೇಕೇರ್‌ನವರಿಗೆ ಉತ್ತರ ಕೊಡಬೇಕಾದ ದಿನ. ದೀಪ ಇನ್ನೂ ಹಚ್ಚಿರಲಿಲ್ಲ. ಕಲಾ ಮಗುವನ್ನು ಎತ್ತಿಕೊಂಡು ಒಳಗಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿಯೇ ಹೋದಳು. ಹೇಳಬೇಡಿ ಎಂದು ಕಾರಿನಲ್ಲಿ ಮತ್ತೊಮ್ಮೆ ಹೇಳಿದ್ದಳು. ಮುಕುಂದ ಹಳೆಯ ಬೋರ್ಡನ್ನು ಊಟದ ಮೇಜಿನ ಮೇಲಿಟ್ಟ.

"ಸಿರಿ, ಒಂದು ನಿಮಿಷ ಇಲ್ಲಿ ಕೂತ್ಕೋ. ಏನಾದ್ರೂ ಕೇಳ್ಸಿದ್ರೆ ಹೇಳು." ಸೆಲ್ಲು ಹಾಕಿದ.

ಮಗಳ ಹುಬ್ಬು ಗಂಟಾಯಿತು. ತಲೆ ಪಕ್ಕಕ್ಕೆ ಹೊರಳಿತು. ಥೇಟ್ ಸಿಯಾಳದೇ ಮುಖ. "ಓ ಗಾಡ್, ವಾಟ್ ಈಸ್ ದ್ಯಾಟ್? ಅಪ್ಪ, ಟರ್ನ್ ಇಟ್ ಆಫ್!"

ಆರಿಸಲು ಅವನ ಕೈ ಒಂದು ಗಳಿಗೆ ತಡವಾಯಿತು. ತನಗೆ ಅಷ್ಟು ನಿಶ್ಶಬ್ದವಾಗಿದ್ದ ಕೋಣೆಯಲ್ಲಿ ಮಗಳು ಕಿವಿ ಮುಚ್ಚಿಕೊಂಡು ಕೂತಿದ್ದಳು. ಆಮೇಲೆ ಸೆಲ್ಲು ಕಿತ್ತ.

"ಇದು ನಾನು ಮಾಡಿದ ದೀಪದ ಒಳಗಿತ್ತು. ದಿನಾ ಸಂಜೆ ಅವಳನ್ನ ಇದರ ಮುಂದೆ ಎತ್ಕೊಂಡು ನಿಲ್ತಿದ್ದೆ. ಅದಕ್ಕೆ ಅಳ್ತಿದ್ಲು. ಈಗ ದೀಪಕ್ಕೆ ಹೊಸ ಬೋರ್ಡು ಹಾಕಿದೀನಿ."

ಸಿರಿ ಬೋರ್ಡನ್ನೂ ಅಪ್ಪನನ್ನೂ ನೋಡಿದಳು. "ಬಟ್ ಇಟ್ಸ್ ಸೋ ಲೌಡ್. ನಿಮಗೆ ಗೊತ್ತಾಗ್ಲಿಲ್ವಾ?"

ಹೇಳುವ ಹೊತ್ತು ಬಂದಿತ್ತು. "ನಂಗೆ ಕೇಳಲ್ಲಮ್ಮ. ಈಗಲೂ ಕೇಳ್ಲಿಲ್ಲ. ಯಾವಾಗಿಂದ ಹೋಗಿದೆಯೋ ಅದೂ ಗೊತ್ತಿಲ್ಲ. ಗೊತ್ತಾಗಿದ್ದು ಮೊನ್ನೆ." ಅವನು ಸೆಲ್ಲನ್ನು ಮೇಜಿನ ಮೇಲೆ ಇಟ್ಟ. "ಅವಳ ಅಳು ಕೇಳತ್ತೆ, ಮಾತು ಕೇಳತ್ತೆ, ಅಲಾರಂ ಕೇಳತ್ತೆ. ಹೋಗಿರೋದು ಮೇಲಿನ ಸ್ವರ. ಆದ್ರೂ ಮಂಗಳವಾರ ಹಿಯರಿಂಗ್ ಟೆಸ್ಟ್‌ಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಮಗು ನೋಡ್ಕೊಳ್ಳೋಕೆ ಆಗಲ್ಲ ಅಂತ ಡಾಕ್ಟರ್ ಹೇಳಿದ್ರೆ ನಾನೇ ದಿನಾ ಅವಳನ್ನ ಡೇಕೇರ್‌ಗೆ ಡ್ರೈವ್ ಮಾಡ್ತೀನಿ. ನಿನ್ನ ಹತ್ರ ಮುಚ್ಚಿಟ್ಟು ಅವಳನ್ನ ಇಸ್ಕೊಳ್ಳೋದು ನಂಗೆ ಬೇಡ."

ಒಳಗಿನ ರೂಮಿನ ಬಾಗಿಲು ಸಣ್ಣಗೆ ತೆರೆದಿತ್ತು. ಕಲಾ ಕೇಳಿಸಿಕೊಳ್ಳುತ್ತಿದ್ದಳು.

ಸಿರಿ ಎದ್ದು ಒಳಗೆ ಹೋದಳು. ಮುಕುಂದ ಮೇಜಿನ ಮೇಲಿನ ಬೋರ್ಡನ್ನು ಸುಮ್ಮನೆ ತಿರುಗಿಸುತ್ತ ಕೂತ. ಮುಗಿಯಿತು ಅಂದುಕೊಂಡ. ಅಷ್ಟರಲ್ಲಿ ಸಿರಿ ಸಿಯಾಳನ್ನು ಎತ್ತಿಕೊಂಡು ಬಂದು ಅವನ ತೋಳಿಗೆ ಕೊಟ್ಟಳು.

"ಹಚ್ಚಿ ಅಪ್ಪ. ಹೊಸದು."

ಅವನು ಕಪಾಟಿನ ಮುಂದೆ ನಿಂತ. ಪಕ್ಕದಲ್ಲಿ ಸಿರಿ, ಹಿಂದೆ ಕಲಾ. ಗುಂಡಿಯ ಮೇಲೆ ಬೆರಳಿಟ್ಟ. ಒತ್ತಿದ. ದೀಪದ ಕಡೆ ನೋಡಲೇ ಇಲ್ಲ, ಮಗುವಿನ ಹುಬ್ಬನ್ನೇ ನೋಡಿದ. ಸಿಯಾ ಬೆಳಕನ್ನು ನೋಡಿದಳು. ಅಮ್ಮನನ್ನು ನೋಡಿದಳು. ಮತ್ತೆ ಬೆಳಕನ್ನು ನೋಡಿ "ತ್ತಾ" ಅಂದಳು. ಹುಬ್ಬು ಗಂಟಾಗಲಿಲ್ಲ.

"ನಿಂಗೇನಾದ್ರೂ ಕೇಳತ್ತಾ ಸಿರಿ?" ಮುಕುಂದ ಪಿಸುಗುಟ್ಟಿದ.

ಸಿರಿ ದೀಪದ ಪಕ್ಕ ಬಗ್ಗಿ, ಕಣ್ಣು ಮುಚ್ಚಿ, ಕಿವಿ ಕೊಟ್ಟಳು. ಎಷ್ಟೋ ವರ್ಷಗಳ ಕೆಳಗೆ ಅಪ್ಪ ಲ್ಯಾಬಿನಲ್ಲಿ ಹಾಗೆ ಬಗ್ಗಿದ್ದನ್ನು ಅವಳು ನೋಡಿದ್ದಳು. "ನಥಿಂಗ್. ಇಟ್ಸ್ ಕ್ವಯಟ್."

ಅಷ್ಟರಲ್ಲಿ ಸಿಯಾಗೆ ದೀಪ ಬೇಜಾರಾಗಿತ್ತು. ತಿರುಗಿ ತಾತನ ಎಡಗಿವಿಯನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಜಗ್ಗಿದಳು. "ಹಾಗೆ! ಇನ್ನೊಂದ್ಸಲ ಹಿಂಡು ನನ್ನ ಕಂದ," ಎಂದು ಕಲಾ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದಳು.

ಸಿರಿ ಫೋನಿನಲ್ಲಿ ಏನೋ ಟೈಪ್ ಮಾಡುತ್ತಿದ್ದಳು.

"ಯಾರಿಗೆ?" ಎಂದ ಮುಕುಂದ.

"ಡೇಕೇರ್‌ಗೆ. ನಮಗೆ ಬೇಡ, ಅವಳ ತಾತ ಮನೇಲಿರ್ತಾರೆ ಅಂತ." ಅವಳು ತಲೆಯೆತ್ತಿದಳು. "ಆ್ಯಂಡ್ ಮಂಗಳವಾರ ನಾನೇ ಡ್ರೈವ್ ಮಾಡ್ತೀನಿ. ಡಾಕ್ಟರ್ ಹೇಳೋದು ನಾನೂ ಕೇಳ್ಬೇಕು. ಹಿಯರಿಂಗ್ ಏಡ್ ಅಂದ್ರೆ ಹಾಕ್ಕೋಬೇಕು. ನೋ ಆರ್ಗ್ಯುಮೆಂಟ್ಸ್."

ಮುಕುಂದ ಹೂಂ ಎಂದು ತಲೆಯಾಡಿಸಲು ಹೋದ, ಆಗಲಿಲ್ಲ, ಸಿಯಾ ಇನ್ನೂ ಕಿವಿ ಬಿಟ್ಟಿರಲಿಲ್ಲ.